ಹಳೆಯ ಕ್ಯಾಂಪಿಂಗ್ ಟ್ರೇಲರ್ ಕೊಳ್ಳುವವರೇ, ಹೊಸ ವಾಲ್‌ಪೇಪರ್ ಕಂಡರೆ ಎಚ್ಚರ

ಕುಟುಂಬದ ಕ್ಯಾಂಪಿಂಗ್‌ಗೆಂದು ಹಳೆಯ ಟ್ರೇಲರ್ ಹುಡುಕುತ್ತಿರುವವರು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಮಗೆ ಟ್ರೇಲರ್ ಮಾರಿದವರು ಇದನ್ನೇ ವ್ಯಾಪಾರ ಮಾಡಿಕೊಂಡವರು, ಗೊತ್ತಿಲ್ಲದೆ ಮಾರಿದರು ಎನ್ನಲು ದಾರಿಯೇ ಇಲ್ಲ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರು ಆಡಿದ ಮಾತುಗಳನ್ನು ಮಾತ್ರ ಬರೆಯುತ್ತೇನೆ, ಏಕೆಂದರೆ ಅದೇ ಮಾತುಗಳನ್ನು ನಾಳೆ ನಿಮ್ಮ ಮುಂದೆಯೂ ಯಾರಾದರೂ ಆಡಬಹುದು.

ನಮಗೆ ಬೇಕಿದ್ದುದು ನಾಲ್ವರು ಮಲಗುವಂಥ, ನಮ್ಮ ಕಾರು ಎಳೆಯಬಲ್ಲ ಟ್ರೇಲರ್. ಅವರು ತೋರಿಸಿದ್ದು ಒಳಗೆ ಕಾಲಿಟ್ಟ ಕೂಡಲೇ ಮನಸ್ಸಿಗೆ ಹಿಡಿಸುವಂತಿತ್ತು: ಗೋಡೆಗೆಲ್ಲ ಹೊಸ ವಾಲ್‌ಪೇಪರ್, ನೆಲಕ್ಕೆ ಹೊಸ ಹಾಸು, ಮಕ್ಕಳಿಗೆ ಮೇಲೊಂದು ಕೆಳಗೊಂದು ಬಂಕ್. ರೂಮ್ ಫ್ರೆಶ್‌ನರ್ ವಾಸನೆ ಮಾತ್ರ ಬಾಗಿಲು ತೆರೆದಿಟ್ಟರೂ ಹೋಗುತ್ತಿರಲಿಲ್ಲ. ಅದೇಕೆಂದು ಕೇಳಿದ್ದಕ್ಕೆ, "ಮಕ್ಕಳು ಮಲಗುವ ಜಾಗ ಅಲ್ವಾ ಸರ್, ಚೊಕ್ಕಟ ಮಾಡಿಸಿದ್ದೇವೆ" ಎಂದರು. ಮೂಲೆಗಳ ಸಂದು ಮುಚ್ಚುವ ಸೀಲಂಟ್ ಕೂಡ ಹೊಸದಾಗಿತ್ತು. ಹಿಂದೆ ಎಲ್ಲಾದರೂ ನೀರು ಸೋರಿತ್ತೇ ಎಂದು ನಾನು ನೇರವಾಗಿಯೇ ಕೇಳಿದೆ. "ಒಂದು ಹನಿಯೂ ಇಲ್ಲ ಸರ್, ಮುಂಜಾಗ್ರತೆಗೆ ಹಾಕಿಸಿದ್ದು" ಎಂಬ ಉತ್ತರ ಬಂತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಒಂದು ಹನಿಯೂ ಇಲ್ಲ.

ಮೊದಲ ಜೋರು ಮಳೆಯ ರಾತ್ರಿ ಮಗಳು ಮಲಗಿದ್ದ ಕೆಳಗಿನ ಬಂಕ್‌ನ ಹಾಸಿಗೆಯ ಅಂಚು ಒದ್ದೆಯಾಗಿತ್ತು. ಹಾಸಿಗೆಯನ್ನು ಎತ್ತಿ, ಅದರಡಿಯ ಪೆಟ್ಟಿಗೆಯ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಮೂಲೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಬೆರಳು ಒಳಗೆ ಹೋಯಿತು. ಕಾಗದದ ಹಿಂದೆ ಇರಬೇಕಾದ ಪ್ಲೈವುಡ್ ಅಲ್ಲಿ ಇರಲೇ ಇಲ್ಲ, ಇದ್ದದ್ದು ಒದ್ದೆ ಪುಡಿ. ಕಾಗದವನ್ನು ಸೀಳಿದಾಗ ಹಳೆಯ ಗೋಡೆಯ ಕಪ್ಪು ಕಲೆಗಳ ಮೇಲೆಯೇ ಅಂಟು ಬಳಿದು ಹೊಸದನ್ನು ಹಚ್ಚಿದ್ದು ಕಂಡಿತು, ಚೌಕಟ್ಟಿನ ಮರದ ಪಟ್ಟಿಯನ್ನು ಉಗುರಿನಿಂದ ಕೆರೆದರೆ ಎಳೆ ಎಳೆಯಾಗಿ ಕೈಗೆ ಬಂತು. ಆ ಕಲೆಗಳನ್ನು ನೋಡದೆ ಅವುಗಳ ಮೇಲೆ ಕಾಗದ ಹಚ್ಚಲು ಯಾರಿಂದಲೂ ಸಾಧ್ಯವಿಲ್ಲ. ಅಂದರೆ ನೋಡಿದ್ದಾರೆ, ನೋಡಿಯೇ ಮುಚ್ಚಿದ್ದಾರೆ, ಮುಚ್ಚಿದ ಮೇಲೆ ನನ್ನ ಮುಖ ನೋಡಿ ಒಂದು ಹನಿಯೂ ಇಲ್ಲ ಎಂದಿದ್ದಾರೆ. "ಅಪ್ಪಾ, ಸೋರಲ್ಲ ಅಂತ ಆ ಅಂಕಲ್ ಹೇಳಿದ್ರಲ್ಲ" ಎಂದು ಮಗಳು ಕೇಳಿದಾಗ ನಾನು ತಲೆ ಎತ್ತಲಾಗಲಿಲ್ಲ.

ಮರದ ಚೌಕಟ್ಟಿನ ಟ್ರೇಲರ್‌ಗಳಲ್ಲಿ ಹೊರಗಿನ ಅಲ್ಯೂಮಿನಿಯಂ ತಗಡು ಹೊಳೆಯುತ್ತಲೇ ಇರುತ್ತದೆ. ನೀರು ಚಾವಣಿಯ ಕೂಡುಗಳಲ್ಲಿ, ಕಿಟಕಿಯ ಅಂಚಿನಲ್ಲಿ, ಮೂಲೆಪಟ್ಟಿಯ ಸ್ಕ್ರೂ ತೂತುಗಳಲ್ಲಿ ಇಳಿದು ತಗಡಿಗೂ ಒಳಗೋಡೆಗೂ ನಡುವೆ ನಿಂತು, ವರ್ಷಗಟ್ಟಲೆ ಮರವನ್ನು ತಿನ್ನುತ್ತದೆ. ರಿಪೇರಿ ಎಂದರೆ ಒಳಗೋಡೆ ಬಿಚ್ಚಿ ಚೌಕಟ್ಟನ್ನೇ ಹೊಸದಾಗಿ ಕಟ್ಟಬೇಕು. ಮಾರಿದವರಿಗೆ ಇದೆಲ್ಲ ನಮಗಿಂತ ಚೆನ್ನಾಗಿ ಗೊತ್ತು.

ಇನ್ನು ಅವರ ಉತ್ತರಗಳು. ಫೋನ್ ಮಾಡಿದಾಗ ಮೊದಲು ಬಂದದ್ದು, "ರಾತ್ರಿ ಕಿಟಕಿ ಸರಿಯಾಗಿ ಮುಚ್ಚಿರಲಿಕ್ಕಿಲ್ಲ ಸರ್." ಫೋಟೊ ಕಳಿಸಿದ ಮೇಲೆ, "ಹಳೆಯ ಗಾಡಿ ಎಂದ ಮೇಲೆ ಇಷ್ಟಾದರೂ ಇದ್ದೇ ಇರುತ್ತದೆ." ಹಾಗಾದರೆ ಕೊಳ್ಳುವಾಗ ಏಕೆ ಹೇಳಲಿಲ್ಲ ಎಂದರೆ, "ಒಳಗೆಲ್ಲ ಓಡಾಡಿ ನೋಡಿದ್ದು ನೀವು, ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇನೆ ಎಂದು ಸಹಿ ಹಾಕಿದ್ದೂ ನೀವು." ಕೊನೆಗೆ ವಾಪಸ್ ತೆಗೆದುಕೊಳ್ಳಿ ಎಂದು ಕೇಳಿದಾಗ ಅವರು ಹೇಳಿದ್ದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ: "ವಾಲ್‌ಪೇಪರ್ ನೀವೇ ಹರಿದು ಹಾಳು ಮಾಡಿದ್ದೀರಿ, ಇನ್ನು ನಾವು ಹೇಗೆ ವಾಪಸ್ ತೆಗೆದುಕೊಳ್ಳುವುದು?" ಅವರು ಮುಚ್ಚಿಟ್ಟದ್ದನ್ನು ನಾನು ತೆರೆದದ್ದೇ ಅಪರಾಧವಾಯಿತು.

ತೂಕದ ವಿಷಯದಲ್ಲಿಯೂ ಇದೇ ಕಥೆ. "ನಿಮ್ಮ ಕಾರಿಗೆ ಇದು ಹಗುರ, 1,100 ಕೆಜಿ ಅಷ್ಟೇ" ಎಂದಿದ್ದರು. ಅದು ಖಾಲಿ ಟ್ರೇಲರ್‌ನ ತೂಕ. ಸಾಮಾನು ಸೇರಿ ಇಡೀ ಟ್ರೇಲರ್‌ಗೆ ಇರಬಹುದಾದ ಗರಿಷ್ಠ ತೂಕ 1,350 ಕೆಜಿ ಎಂದು ತಯಾರಕರ ಫಲಕದಲ್ಲಿತ್ತು, ಆ ಫಲಕ ಇದ್ದದ್ದು ಗ್ಯಾಸ್ ಸಿಲಿಂಡರ್‌ಗಳ ಹಿಂದೆ. ಒಂದು ಲೀಟರ್ ನೀರು ಒಂದು ಕೆಜಿ, ಹಾಗಾಗಿ 70 ಲೀಟರ್‌ನ ಟ್ಯಾಂಕ್ ತುಂಬಿಸಿದರೆ ಸಾಮಾನಿಗೆಂದು ಉಳಿದ 250 ಕೆಜಿಯಲ್ಲಿ 70 ಅಲ್ಲಿಗೇ ಹೋಯಿತು. ಸಿಲಿಂಡರ್, ಬ್ಯಾಟರಿ, ಹೊರಗೆ ಕಟ್ಟುವ ಟೆಂಟ್, ನಾಲ್ವರ ಹಾಸಿಗೆ ಬಟ್ಟೆ ಪಾತ್ರೆಗಳಿಗೆ ಉಳಿದದ್ದೆಷ್ಟು? ವೇಬ್ರಿಡ್ಜ್‌ನಲ್ಲಿ ನಿಲ್ಲಿಸಿದಾಗ ಬಂದದ್ದು 1,390. ನಮ್ಮ ಕಾರು ಎಳೆಯಬಹುದಾದ ಮಿತಿ 1,200. ಪಕ್ಕದಲ್ಲಿ ಲಾರಿ ಹಾದುಹೋದಾಗಲೆಲ್ಲ ಹಿಂಬದಿ ತೂಗಾಡಿ ಸ್ಟೀರಿಂಗ್ ಕೈ ಬಿಟ್ಟುಹೋಗುವಂತಾಗುತ್ತಿತ್ತು, ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಇದನ್ನು ಹೇಳಿದರೆ ಅವರು ಕೊಟ್ಟ ಉತ್ತರ, "ಸ್ಟೆಬಿಲೈಸರ್ ಹಾಕಿಸಿಕೊಳ್ಳಿ, ನಮ್ಮಲ್ಲೇ ಸಿಗುತ್ತದೆ." ಸ್ಟೆಬಿಲೈಸರ್ ಎಂದರೆ ಟ್ರೇಲರ್‌ನ ತೂಗಾಟ ತಗ್ಗಿಸುವ ಸಾಧನ, ಅದರಿಂದ ತೂಕ ಇಳಿಯುತ್ತದೆಯೇ?

ಟೈರ್ ಹೊಸದರಂತಿದೆ ಎಂದಿದ್ದರು. ಹೆಚ್ಚು ಓಡದ ಟ್ರೇಲರ್‌ನಲ್ಲಿ ಟೈರ್ ಸವೆಯುವುದಿಲ್ಲ, ನಿಂತಲ್ಲೇ ಹಳತಾಗುತ್ತದೆ. ಅದರ ಪಕ್ಕೆಯಲ್ಲಿ 1214 ಎಂದಿತ್ತು, ಅಂದರೆ 2014ರ 12ನೇ ವಾರದಲ್ಲಿ ತಯಾರಾದದ್ದು.

ನೀವು ನೋಡಲು ಹೋಗುವುದಾದರೆ ಮಳೆ ಬಂದ ಮರುದಿನ ಹೋಗಿ, ತೇವ ಅಳೆಯುವ ಮೀಟರ್ ಇರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಬಂಕ್‌ಗಳ ಅಡಿ, ಕಪಾಟುಗಳ ಒಳಮೂಲೆ, ಕಿಟಕಿಯ ಕೆಳಭಾಗಗಳನ್ನು ಕೈಯಿಂದ ಒತ್ತಿ ನೋಡಿ. ಒತ್ತಬೇಡಿ ಎಂದರೆ ಅಲ್ಲಿಂದಲೇ ಹೊರಟುಬನ್ನಿ. ತೂಕವನ್ನು ಅವರ ಬಾಯಿಂದ ಕೇಳಬೇಡಿ, ಫಲಕದ ಫೋಟೊ ತೆಗೆದುಕೊಳ್ಳಿ. ನೀರು ಸೋರಿಲ್ಲ ಎಂಬುದನ್ನು ರಸೀದಿಯ ಮೇಲೆಯೇ ಬರೆದು ಸಹಿ ಹಾಕಿಸಿಕೊಂಡ ಮೇಲೆಯೇ ಹಣ ಕೊಡಿ. ಆ ಒಂದು ಸಾಲನ್ನು ನಮಗೆ ಬಾಯಲ್ಲಿ ಹೇಳಿದವರು ಈಗ, ತಾವು ಅಂಥ ಮಾತು ಆಡಿಯೇ ಇಲ್ಲ ಎನ್ನುತ್ತಿದ್ದಾರೆ.