ಹಳೇ ಜಿಪ್ಸಿಗೆ ಇಜಿಆರ್ ಹಾಕೋದಾ, ಟ್ಯೂನಿಂಗ್ ಮಾಡಿಸೋದಾ?

ನಮ್ಮ ಕಾರ್ಬೊರೇಟರ್ ಜಿಪ್ಸಿ ಲೀಟರಿಗೆ 10 ಕಿಲೋಮೀಟರ್ ಕೊಡುವುದನ್ನೂ ಬಿಟ್ಟಿತ್ತು. ಓಡಾಟ ಅಂದ್ರೆ ಸುಂಟಿಕೊಪ್ಪದ ತೋಟದಿಂದ ಕುಶಾಲನಗರ, ವಾರಕ್ಕೊಮ್ಮೆ ಮಡಿಕೇರಿ, ಅಷ್ಟೇ. ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರಿಸರ್ಕ್ಯುಲೇಶನ್, ಅಂದ್ರೆ ಹೊಗೆಯನ್ನು ಎಂಜಿನ್ನಿಗೇ ಮರಳಿಸುವ ವ್ಯವಸ್ಥೆ) ಹಾಕಿದರೆ ಮೈಲೇಜ್ ಬರುತ್ತೆ ಅನ್ನೋದು ತಲೆಗೆ ಹೊಕ್ಕಿತ್ತು. ಗ್ಯಾರೇಜಿನ ಹುಡುಗ ಕೇಳಿ ನಕ್ಕ. "ಉಗುಳಿದ್ದನ್ನೇ ಮತ್ತೆ ನುಂಗಿಸೋದಾ ಅಣ್ಣಾ?"

ಒಂಥರಾ ಹಾಗೇ. ಸೈಲೆನ್ಸರಿಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಎಂಜಿನ್ ಒಳಕ್ಕೇ ತಿರುಗಿಸುತ್ತಾರೆ. ಆ ಹೊಗೆ ಉರಿಯುವುದಿಲ್ಲ, ಸುಮ್ನೆ ಜಾಗ ತುಂಬುತ್ತದೆ. ಹಾಗಾಗಿ ಅದೇ ವೇಗಕ್ಕೆ ಥ್ರಾಟಲ್, ಅಂದ್ರೆ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಸ್ವಲ್ಪ ಜಾಸ್ತಿ ತೆರೆಯಬೇಕು. ಎಳನೀರಿನ ಸ್ಟ್ರಾ ಹಿಂಡಿ ಹಿಡಿದು ಹೀರಿ ನೋಡಿ, ಎಷ್ಟು ಕಷ್ಟ! ಅರ್ಧ ಮುಚ್ಚಿದ ಥ್ರಾಟಲ್‌ನಲ್ಲಿ ಪೆಟ್ರೋಲ್ ಎಂಜಿನ್ ಪಡುವ ಪಾಡೂ ಅದೇ. ಆ ಕಷ್ಟ ಕಡಿಮೆಯಾದಷ್ಟು ಪೆಟ್ರೋಲ್ ಉಳಿಯುತ್ತದೆ. ಆದರೆ 1970ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಇದನ್ನು ಹಾಕಿದ್ದು ಮೈಲೇಜಿಗಲ್ಲ, ಉರಿಯ ಬಿಸಿ ತಗ್ಗಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡಲಿಕ್ಕೆ.

ಮೊದಲು ಟ್ಯೂನಿಂಗ್ ಮಾಡಿಸಿದೆ. ಪ್ಲಗ್, ಏರ್ ಫಿಲ್ಟರ್, ಕಾರ್ಬೊರೇಟರ್ ಕ್ಲೀನಿಂಗ್, ಟೈಮಿಂಗ್ (ಪ್ಲಗ್ ಕಿಡಿ ಕೊಡುವ ಹೊತ್ತು), ಟೈರಿಗೆ ಗಾಳಿ. ನಿಜವಾದ ಕಳ್ಳ ಸಿಕ್ಕಿದ್ದು ಬೇರೆ ಕಡೆ. ಗಾಡಿ ಓಡಿಸಿಕೊಂಡು ಬಂದು ನಿಲ್ಲಿಸಿದ ಮೇಲೆ ಹುಡುಗ ಒಂದೊಂದು ಚಕ್ರಕ್ಕೂ ನೀರು ಚಿಮುಕಿಸಿದ. ಮೂರು ಸುಮ್ಮನಿದ್ದವು. ಹಿಂದಿನ ಎಡಗಡೆಯದು ಚುಂಯ್ ಅಂತು. ಮಳೆಗಾಲದ ಕೆಸರಿಗೆ ಬ್ರೇಕ್ ಶೂ ಹಿಡಿದುಕೊಂಡು, ತಿಂಗಳುಗಟ್ಟಲೆ ಬ್ರೇಕ್ ಒತ್ತಿಕೊಂಡೇ ಓಡಿಸುತ್ತಿದ್ದೆ ನಾನು! ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಮೂರು ಸಲ ಲೆಕ್ಕ ಹಾಕಿದೆ. 9.6 ಇದ್ದದ್ದು 11.2 ಆಯ್ತು.

ಆಮೇಲೆ ಇಜಿಆರ್. ಗುಜರಿಯಿಂದ ವ್ಯಾಕ್ಯೂಮ್ ವಾಲ್ವ್ (ಎಂಜಿನ್ ಗಾಳಿ ಹೀರುವ ಎಳೆತಕ್ಕೆ ತೆರೆಯುವಂಥದ್ದು) ತಂದು, ಎಕ್ಸಾಸ್ಟಿನಿಂದ ಕಾರ್ಬೊರೇಟರಿನ ಕೆಳಗೆ ಪೈಪ್ ಎಳೆಸಿದೆ. ಮೊದಲ ದಿನವೇ ಆನೆಕಾಡಿನಲ್ಲಿ ಮುಂದಿದ್ದ ಲಾರಿ ನಿಂತಿತು, ನಾನು ಕ್ಲಚ್ ಒತ್ತಿದೆ, ಎಂಜಿನ್ ಗಡಗಡ ನಡುಗಿ ಆಫ್. ಆ ಹೆಸರಿನ ಜಾಗದಲ್ಲಿ ಸಂಜೆ ಹೊತ್ತು ಗಾಡಿ ನಿಂತರೆ ಹೇಗಿರುತ್ತೆ ಅಂತ ಕೇಳಬೇಡಿ. ವ್ಯಾಕ್ಯೂಮ್ ಪೈಪನ್ನು ಥ್ರಾಟಲಿನ ಕೆಳಗಿನಿಂದ ತೆಗೆದುಕೊಂಡಿದ್ದೆವು. ಹಾಗೆ ಮಾಡಿದರೆ ಐಡಲಿಂಗ್‌ನಲ್ಲೇ ವಾಲ್ವ್ ತೆರೆಯುತ್ತದೆ. ಥ್ರಾಟಲಿನ ಮೇಲಿನ ತೂತಿಗೆ ಬದಲಾಯಿಸಿದ ಮೇಲೆ ಸರಿಹೋಯ್ತು.

ಮೈಲೇಜ್ ಮಾತ್ರ ಇದ್ದಲ್ಲೇ ಇತ್ತು. ಹೊಗೆ ಸೇರಿದರೆ ಉರಿ ನಿಧಾನವಾಗುತ್ತದೆ, ಅದಕ್ಕೆ ತಕ್ಕಂತೆ ಟೈಮಿಂಗ್ ಅಡ್ವಾನ್ಸ್ ಮಾಡಬೇಕು, ಅಂದ್ರೆ ಕಿಡಿ ಸ್ವಲ್ಪ ಮೊದಲೇ ಬೀಳಬೇಕು. ಅದಕ್ಕೆ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಚೂರು ತಿರುಗಿಸಿದೆವು. ಕುಶಾಲನಗರದಿಂದ ಮೈಸೂರಿಗೆ ಒಂದೇ ವೇಗದಲ್ಲಿ ಹೋದಾಗ ಸುಮಾರು ಕಾಲು ಕಿಲೋಮೀಟರ್ ಏರಿತು. ಟ್ಯಾಂಕ್ ತುಂಬಿಸುವಾಗ ಅರ್ಧ ಲೀಟರ್ ಹೆಚ್ಚುಕಮ್ಮಿ ಆದರೂ ಅಷ್ಟೇ ವ್ಯತ್ಯಾಸ ಬರುತ್ತದೆ, ಅಲ್ವಾ?

ಮಡಿಕೇರಿ ಕಡೆ ಹೊರಟಾಗ ಬೇರೆಯದೇ ಕಥೆ. ಬೋಯಿಕೇರಿ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ವ್ಯಾಕ್ಯೂಮ್ ಬಿದ್ದು ವಾಲ್ವ್ ಮುಚ್ಚಿಕೊಳ್ಳುತ್ತದೆ. ಅಡ್ವಾನ್ಸ್ ಮಾಡಿದ ಟೈಮಿಂಗ್ ಮಾತ್ರ ಹಾಗೇ ಇರುತ್ತದೆ. ಎಂಜಿನ್ ಟಿಣ್ ಟಿಣ್ ಅಂತ ನಾಕ್ ಮಾಡತೊಡಗಿತು. ಜೊತೆಗೆ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯ ತೆಳು ಗಾಳಿಯಲ್ಲಿ ಥ್ರಾಟಲ್ ಹೇಗೂ ಜಾಸ್ತಿ ತೆರೆದೇ ಇರುತ್ತದೆ. ಇಜಿಆರ್‌ನಿಂದ ಉಳಿಸಲಿಕ್ಕೆ ಅಲ್ಲಿ ಉಳಿದಿರುವುದೇ ಕಡಿಮೆ. ಸಪಾಟು ಹೈವೇಗೆ ಸರಿ, ನಮ್ಮ ಏರಿಳಿತಕ್ಕೆ ಇದಲ್ಲ.

ಪಕ್ಕದ ತೋಟದ ಮಾವನ ಡೀಸೆಲ್ ಪಿಕಪ್ಪಿನಲ್ಲಿ ಉಲ್ಟಾ ಪ್ರಯೋಗ. ಇಜಿಆರ್ ಇದ್ದದ್ದಕ್ಕೆ ತಗಡು ಹಾಕಿ ಮುಚ್ಚಿದರು. ಮೈಲೇಜಿನಲ್ಲಿ ಬದಲಾವಣೆ ಕಾಣಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಲೈಟ್ ಹತ್ತಿಕೊಂಡಿತು. ತಗಡು ತೆಗೆದು, ವಾಲ್ವಿನಲ್ಲಿ ಕಟ್ಟಿದ್ದ ಮಸಿ ಕೆರೆದು ತೊಳೆದು ಹಾಕಿದ ಮೇಲೆ ಎಳೆತ ಚೆನ್ನಾಯ್ತು, ಕಪ್ಪು ಹೊಗೆ ಕಡಿಮೆಯಾಯ್ತು. ಡೀಸೆಲಿನವರು ಅಷ್ಟು ಮಾಡಿಸಿದರೆ ಸಾಕು.

ನನ್ನ ಜಿಪ್ಸಿಯ ಪೈಪ್ ಬಿಚ್ಚಿಸಿ, ಟೈಮಿಂಗ್ ಮೊದಲಿನಂತೆ ಇಡಿಸಿದೆ. ಈಗಲೂ 11ರ ಆಸುಪಾಸು ಕೊಡುತ್ತಿದೆ. ವಾಲ್ವ್ ವಾಪಸ್ ಕೊಡಲು ಹೋದರೆ ಗುಜರಿಯವನು ತೂಕಕ್ಕೆ ಹಾಕಿದ.