ಭೂಗರ್ಭದ ಹರಿವು ತೋರಿಸುವ ಗಾಜಿನ ತೊಟ್ಟಿ: ಒಂದು ಶಾಲಾ ವರ್ಷ ಬಳಸಿದ ಮೇಲೆ

ವಿಜಯಪುರದ ನಮ್ಮ ಪ್ರೌಢಶಾಲೆಗೆಂದು ಕಳೆದ ಜೂನ್‌ನಲ್ಲಿ 2,400 ರೂಪಾಯಿ ಕೊಟ್ಟು ಇದನ್ನು ತರಿಸಿದೆ. ತಾಮ್ರದ ತಳವಿರುವ ಗಾಜಿನ ತೊಟ್ಟಿ, ಕಾಯಿಸಲು ವಿದ್ಯುತ್ ತಟ್ಟೆ, ಸ್ಟೀಲಿನ ಮುಚ್ಚಳ, ಎರಡು ಲೀಟರ್ ಗ್ಲಿಸರಿನ್, ಬಣ್ಣ. ಇಷ್ಟೇ ಸಾಮಾನು.

ತೊಟ್ಟಿಗೆ ಗ್ಲಿಸರಿನ್ ಸುರಿದು, ಕೆಂಪು ಬಣ್ಣ ಬೆರೆಸಿದ ಗ್ಲಿಸರಿನ್ ಅನ್ನು ಸಿರಿಂಜಿನಿಂದ ತಳಕ್ಕೆ ತೆಳ್ಳಗೆ ಹರಡಿ ಸ್ವಿಚ್ ಹಾಕಿದರೆ ಹತ್ತು ನಿಮಿಷ ಏನೂ ಆಗುವುದಿಲ್ಲ. ಮಕ್ಕಳು ಚಡಪಡಿಸುತ್ತಾರೆ. ಬಿಸಿಯೆಲ್ಲ ತಳದಲ್ಲೇ ಕೂಡಿಕೊಳ್ಳುತ್ತಿರುತ್ತದೆ. ಕೆಂಪು ಪದರ ಹಗುರಾದರೂ ಮೇಲಿನ ಮಂದ ದ್ರವ ಅದನ್ನು ಏಳಗೊಡುವುದಿಲ್ಲ. ಆಮೇಲೆ ಒಂದು ಕಡೆ ಸಣ್ಣ ಉಬ್ಬು. ಉಬ್ಬಿಗೆ ಕತ್ತು ಮೂಡಿ, ಅಣಬೆಯ ತಲೆಯಂತೆ ಅರಳಿಕೊಂಡು ಮೇಲೇರುತ್ತದೆ. ಎರಡನೆಯದು ಅದೇ ದಾರಿಯಲ್ಲಿ ಇನ್ನೂ ಬೇಗ ಏರುತ್ತದೆ. ಅಲ್ಲಿನ ಗ್ಲಿಸರಿನ್ ಬಿಸಿಗೆ ತೆಳುವಾಗಿದೆ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಾನಾಗಿಯೇ ಹೇಳಿದ ದಿನ, ಕೊಟ್ಟ ಹಣ ಸಾರ್ಥಕವಾಯಿತು.

ನಮ್ಮ ಮಕ್ಕಳಿಗೆ ಇದು ದೂರದ ಸಂಗತಿಯಲ್ಲ. ಗೋಳಗುಮ್ಮಟದ ಕಪ್ಪು ಕಲ್ಲು, ಅಂಥ ಕಲ್ಲೇ ಸವೆದು ಆದ ಎರೆಮಣ್ಣು, ಎರಡಕ್ಕೂ ಮೂಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ. ಭೂಮಿಯ ಆಳದಿಂದ ಎದ್ದ ಇಂಥದೇ ಬಿಸಿ ಕಲ್ಲಿನ ಅಣಬೆಯೊಂದು ಭಾರತದ ಅಡಿಗೆ ಬಂದು ತಾಗಿತು, ಅದರ ಕಾಂಡ ಇಂದು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕೆಳಗಿದೆ ಎಂಬುದು ಅನೇಕ ವಿಜ್ಞಾನಿಗಳ ವಿವರಣೆ.

ಸಿಟ್ಟು ಬಂದದ್ದು ಕೈಪಿಡಿ ಓದಿದಾಗ. ಭೂಮಿಯ ಹೊರಚಿಪ್ಪಿನ ಕೆಳಗಿರುವ ಪದರ, ಮ್ಯಾಂಟಲ್, ಎಂದರೆ ಕರಗಿದ ಕಲ್ಲಿನ ಸಮುದ್ರವಂತೆ. ಶುದ್ಧ ತಪ್ಪು. ಸುಮಾರು 2,900 ಕಿ.ಮೀ. ದಪ್ಪದ ಆ ಪದರ ಬಹುಪಾಲು ಗಟ್ಟಿ ಕಲ್ಲೇ. ದ್ರವದಲ್ಲಿ ಸಾಗಲಾರದ ಭೂಕಂಪದ ಎಸ್ ಅಲೆಗಳು ಅದರೊಳಗೆ ಸಾಗುತ್ತವೆ. ಆ ಗಟ್ಟಿ ಕಲ್ಲೇ ವರ್ಷಕ್ಕೆ ಕೆಲವು ಸೆಂಟಿಮೀಟರ್, ಉಗುರು ಬೆಳೆಯುವಷ್ಟು ನಿಧಾನವಾಗಿ, ಹರಿಯುತ್ತದೆ. ಮಕ್ಕಳು ಕಲಿಯಬೇಕಾದ ಸೋಜಿಗವೇ ಅದು. ಆ ಪುಟದ ಮೇಲೆ ಸರಿಯಾದುದನ್ನು ಕೈಯಲ್ಲೇ ಬರೆದು ಅಂಟಿಸಿದ್ದೇನೆ.

ವಿದ್ಯುತ್ ತಟ್ಟೆಯ ನಡುಭಾಗ ಮಾತ್ರ ಕಾಯುವುದರಿಂದ ಅಣಬೆ ಸದಾ ಒಂದೇ ಜಾಗದಲ್ಲಿ ಏಳುತ್ತಿತ್ತು. ಮನೆಯ ದಪ್ಪ ಚಪಾತಿ ಹಂಚನ್ನು ತೊಟ್ಟಿಯ ಅಡಿಗೆ ಇಟ್ಟೆ. ಬಿಸಿ ಹರಡಿ ಈಗ ಮೂರು ನಾಲ್ಕು ಕಡೆ ಏಳುತ್ತದೆ, ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ. ತೊಟ್ಟಿಯನ್ನು ಅಂಚಿನವರೆಗೆ ತುಂಬಿ, ಮುಚ್ಚಳದ ಮೇಲೆ ಐಸ್ ಇಟ್ಟು, ಅದರಡಿ ನೀಲಿ ಬಣ್ಣ ಬಿಟ್ಟರೆ ತಣ್ಣನೆಯ ಎಳೆಗಳು ಕೆಳಗಿಳಿಯುತ್ತವೆ. ಭೂಮಿಯಲ್ಲಿ ತಣ್ಣಗಾದ ಹಳೆಯ ಸಾಗರತಳ ಮುಳುಗುವುದನ್ನು ವಿವರಿಸಲು ಇದಕ್ಕಿಂತ ಬೇರೆ ಬೇಡ.

ತರಿಸುವವರು ಗ್ಲಿಸರಿನ್ ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ. ಎರಡು ಪ್ರಯೋಗಕ್ಕೇ ಬಣ್ಣವೆಲ್ಲ ಬೆರೆತು ಏನೂ ಕಾಣದಾಗುತ್ತದೆ.