ಹೊರದೇಶದಿಂದ ಎಜುಕೇಶನ್ ಲೋನ್ ಕಟ್ಟುತ್ತಿರುವವರೇ, ದುಡ್ಡು ಲೋನ್ ಖಾತೆಗೆ ಸೇರಿದೆಯಾ ನೋಡಿ

ಎಜುಕೇಶನ್ ಲೋನ್ ಮಾಡಿ ಹೊರದೇಶದಲ್ಲಿ ಓದಿ ಅಲ್ಲೇ ಕೆಲಸಕ್ಕೆ ಸೇರಿದವರು, ಅವರ ಸಾಲಕ್ಕೆ ಸಹಿ ಹಾಕಿರುವ ಅಪ್ಪ ಅಮ್ಮಂದಿರು, ದಯವಿಟ್ಟು ಇದನ್ನು ಓದಿ. ನಾನು ಒಂದು ತಿಂಗಳೂ ತಪ್ಪಿಸದೆ ದುಡ್ಡು ಕಳಿಸಿದ್ದೇನೆ. ಆದರೂ ಮಂಡ್ಯದ ನಮ್ಮ ಮನೆಗೆ ನೋಟಿಸ್ ಬಂತು.

2021ರಲ್ಲಿ ಎಂಎಸ್ಸಿ ಮಾಡಲು ಡಬ್ಲಿನ್‌ಗೆ ಹೋದೆ. 18 ಲಕ್ಷ ಸಾಲ, ಸ್ವರ್ಣಸಂದ್ರದ ಮನೆ ಅಡಮಾನ, ಅಪ್ಪ ಜೊತೆ ಸಾಲಗಾರ. ಓದು ಮುಗಿದು ಒಂದು ವರ್ಷ ಕಂತು ಇರಲಿಲ್ಲ, ಆದರೆ ಬಡ್ಡಿ ಓಡುತ್ತಲೇ ಇತ್ತು. ಕಂತು ಶುರುವಾಗುವ ಹೊತ್ತಿಗೆ ಸಾಲ 22 ಲಕ್ಷದ ಹತ್ತಿರ ಬಂದಿತ್ತು. (ಕೈಲಾದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋಗಿ.) ತಿಂಗಳಿಗೆ 30 ಸಾವಿರ ನನ್ನ ಹಳೇ ಸೇವಿಂಗ್ಸ್ ಖಾತೆಗೆ ಹಾಕುತ್ತಿದ್ದೆ, ಅಲ್ಲಿಂದ ಕಂತು ತಾನಾಗೇ ಕಟ್ ಆಗುತ್ತಿತ್ತು.

2024ರ ಜೂನ್‌ನಲ್ಲಿ ಕೆವೈಸಿ ಅಪ್‌ಡೇಟ್ ಆಗಿಲ್ಲ ಅಂತ ಬ್ಯಾಂಕಿನವರು ಆ ಖಾತೆ ತಡೆಹಿಡಿದರು. ದುಡ್ಡು ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿರಲಿಲ್ಲ. ಮೆಸೇಜು ಹೋಗಿದ್ದು ನನ್ನ ಹಳೇ ನಂಬರಿಗೆ. ಆ ಸಿಮ್ಮು ರೀಚಾರ್ಜ್ ಇಲ್ಲದೆ ಯಾವಾಗಲೋ ಬಂದ್ ಆಗಿತ್ತು. ಮೇಲ್ ಐಡಿ ಕಾಲೇಜಿನದು ಕೊಟ್ಟಿದ್ದೆ, ಅದೂ ಮುಚ್ಚಿಹೋಗಿತ್ತು. ಅಪ್ಪನಿಗೆ ಎರಡು ಸಲ ಹಿಂದಿಯಲ್ಲಿ ಫೋನ್ ಬಂದಿತ್ತಂತೆ, ಮೋಸದ ಕಾಲ್ ಇರಬೇಕು ಅಂತ ಕಟ್ ಮಾಡಿದ್ದಾರೆ. ತಪ್ಪು ಅವರದ್ದಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು.

ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ (ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ) ಆಗುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯಲ್ಲಿ 60 ದಿನದ ನೋಟಿಸ್, ಅಷ್ಟರಲ್ಲಿ ಕಟ್ಟದಿದ್ದರೆ ಅಡವಿಟ್ಟ ಮನೆಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳಬಹುದು. ನಮಗೆ ಬಂದದ್ದು ಅದೇ, ರಿಜಿಸ್ಟರ್ ಪೋಸ್ಟಿನಲ್ಲಿ, ನಾಲ್ಕು ಪುಟ, ಪೂರ್ತಿ ಇಂಗ್ಲಿಷು. ಅಪ್ಪ ಅದನ್ನು ಮಡಚಿ ದೇವರ ಫೋಟೋ ಹಿಂದೆ ಹನ್ನೊಂದು ದಿನ ಇಟ್ಟಿದ್ದರು. ಕೊನೆಗೆ ಅಮ್ಮ ಅಳುತ್ತಾ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಾಗಲೇ ನನಗೆ ಗೊತ್ತಾಗಿದ್ದು. "ನೀನು ಅಲ್ಲಿ ಒಬ್ನೇ ಇದೀಯಲ್ಲ ಮಗ, ಯಾಕ್ ತಲೆಬಿಸಿ ಕೊಡೋದು ಅಂತ ಸುಮ್ಕಾದೆ ಕಣಪ್ಪ" ಅಂದರು ಅಪ್ಪ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಬಾಕಿಗೆ ಸಾಕಾಗುವಷ್ಟು ದುಡ್ಡು ನನ್ನದೇ ಖಾತೆಯಲ್ಲಿ ಬಿದ್ದಿತ್ತು, ಆದರೆ ಮುಟ್ಟುವ ಹಾಗಿರಲಿಲ್ಲ. ಕೆವೈಸಿ ಕಾಗದಗಳಿಗೆ ಇಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಮುದ್ರೆ ಹಾಕಿಸಿ, ಕೊರಿಯರ್ ಮಾಡಿ, ಅದು ಮುಗಿಯಲು ಮೂರು ವಾರ. ಅಷ್ಟು ಕಾಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಮ್ಮನ ಸರ ಅಡವಿಟ್ಟು, ಮೈಸೂರಿನಿಂದ ಚಿಕ್ಕಪ್ಪನ ಮಗ ಬಂದು ಬ್ರಾಂಚಿನಲ್ಲಿ ಕೂತು ದಂಡ ಸಮೇತ ಕಟ್ಟಿದ. ಪೂರ್ತಿ ಬಾಕಿ ತೀರಿದ ಮೇಲೆಯೇ ಸಾಲ ಮತ್ತೆ ಸರಿಯಾದ ಲೆಕ್ಕಕ್ಕೆ ಬಂದದ್ದು. ಅರ್ಧಂಬರ್ಧ ಕಟ್ಟಿದರೆ ಎನ್‌ಪಿಎ ಹೋಗುವುದಿಲ್ಲ, ನೆನಪಿರಲಿ.

ಹೋಗುವ ಮೊದಲು, ಇಲ್ಲವೇ ಇವತ್ತೇ, ಬ್ರಾಂಚಿಗೆ ಬರೆದು ನಿಮ್ಮ ಹೊರದೇಶದ ನಂಬರ್, ಸ್ವಂತ ಮೇಲ್ ಐಡಿ ಹಾಕಿಸಿ. ಅಪ್ಪ ಅಮ್ಮನ ನಂಬರ್ ಸರಿಯಿದೆಯಾ ಕೇಳಿ. ಊರಿನ ಸಿಮ್ಮಿಗೆ ರೀಚಾರ್ಜ್ ಮಾಡುತ್ತಿರಿ. ಹಳೇ ಸೇವಿಂಗ್ಸ್ ಖಾತೆಯನ್ನು ಎನ್‌ಆರ್‌ಒ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಮಾಡಿಸಲೇಬೇಕು, ಅದು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ, ನಾನು ಅಸಡ್ಡೆ ಮಾಡಿದ್ದೆ. ಮುಖ್ಯವಾಗಿ, ದುಡ್ಡು ಕಳಿಸಿದ ರಸೀದಿ ನೋಡಿ ಸುಮ್ಮನಾಗಬೇಡಿ. ಪ್ರತಿ ತಿಂಗಳು ಲೋನ್ ಖಾತೆಯ ಸ್ಟೇಟ್‌ಮೆಂಟ್ ತೆಗೆದು ಕಂತು ಜಮಾ ಆಗಿದೆಯಾ ನೋಡಿ.

ಅಮ್ಮನ ಸರ ಬಿಡಿಸಿಕೊಂಡಾಯಿತು. ಆದರೆ ತಡವಾದ ಕಂತುಗಳು ಅಪ್ಪನ ಸಿಬಿಲ್‌ನಲ್ಲೂ (ಸಾಲ ಕಟ್ಟಿದ ದಾಖಲೆ) ಬಿದ್ದಿವೆ. ಕಬ್ಬಿನ ಗದ್ದೆಗೆ ಬೋರ್‌ವೆಲ್ ಹಾಕಿಸಲು ಬೇರೆ ಬ್ಯಾಂಕಿಗೆ ಹೋದರೆ "ನಿಮ್ಮ ಸ್ಕೋರ್ ಸರಿಯಿಲ್ಲ ಯಜಮಾನ್ರೇ" ಅಂದು ಅರ್ಜಿ ವಾಪಸ್ ಕೊಟ್ಟರಂತೆ. ಬೋರ್‌ವೆಲ್ ಇನ್ನೂ ಆಗಿಲ್ಲ.